ಅತ್ತೆಯ ಕಾಲು ನೆಲ ಮುಟ್ಟುವ ಮೊದಲು

ಡೀಸೆಲ್ ಹೊಗೆಯೊಂದಿಗೆ ಹಸಿ ಕಡಲೆ ಸುಡುವ ವಾಸನೆ ಬೆರೆತು ಬಂದರೆ ನನಗೆ ಈಗಲೂ ಕಣ್ಣು ನಿದ್ದೆಗೆ ಎಳೆಯುತ್ತವೆ. ಬೇರೆಯವರಿಗೆ ಮಲ್ಲಿಗೆಯ ವಾಸನೆಗೆ ಹಾಗಾಗುತ್ತದಂತೆ. ನನ್ನ ಹಣೆಬರಹ ಹೆದ್ದಾರಿಯದು. ಮೊನ್ನೆ ಎಳ್ಳ ಅಮಾವಾಸ್ಯೆಗೆಂದು ಉದಗೀರದಿಂದ ಹೊರಟು, ನಿಲಂಗಾದಲ್ಲಿ ಬಸ್ಸು ಬದಲಿಸಿ, ಉಮರ್ಗಾದಿಂದ ಆಟೋ ಹಿಡಿದು ತುರೋರಿಯಲ್ಲಿ ಇಳಿದೆ. ಎದುರಿಗೆ ಚಹಾದಂಗಡಿಯವನು ಕಡಲೆ ಗಿಡಗಳನ್ನು ಬೇರುಸಮೇತ ಬೆಂಕಿಗೆ ಹಿಡಿದಿದ್ದ. ಬೆನ್ನ ಹಿಂದೆ ಒಂದು ಲಾರಿ ಗುಡುಗುಡು ಎನ್ನುತ್ತ ಹೋಯಿತು. ನಾನು ಚೀಲ ಕೆಳಗಿಟ್ಟು, ರಸ್ತೆಯ ಪಕ್ಕದಲ್ಲೇ ನಿದ್ದೆಗಣ್ಣಿನವಳ ಹಾಗೆ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಆ ಒಂದು ಚಳಿಗಾಲ ಮತ್ತೆ ಬಂದು ಮುಂದೆ ನಿಂತಿತು.

ಆಗ ಕಿಲ್ಲಾರಿಯ ಭೂಕಂಪವಾಗಿ ಹತ್ತು ವರ್ಷ ದಾಟಿತ್ತು. ನಾನು ಭಾಲ್ಕಿಯಿಂದ ಈ ಮನೆಗೆ ಸೊಸೆಯಾಗಿ ಬಂದು ಒಂದು ಮಳೆಗಾಲ ಕಳೆದಿತ್ತಷ್ಟೆ. ಹೆದ್ದಾರಿಗೆ ಮುಖ ಮಾಡಿದ ಕೋಣೆಯಲ್ಲಿ ನನ್ನ ಗಂಡನ ಅಂಗಡಿ, ಲಾರಿಯ ಬಿಡಿಭಾಗಗಳದ್ದು. ಅದರ ಹಿಂದೆ ಮನೆ, ಮನೆಯ ಹಿಂದೆ ಅಂಗಳ, ಅಂಗಳದ ಮೂಲೆಗೆ ಒಂದು ತಗಡಿನ ಶೆಡ್ಡು. ಮನೆ ಗಟ್ಟಿಮುಟ್ಟಾಗಿತ್ತು. ಕಿಲ್ಲಾರಿ ಕಡೆಯ ಊರುಗಳೆಲ್ಲ ಮಣ್ಣಾದ ಆ ರಾತ್ರಿ ಈ ಮನೆಯ ಗೋಡೆಗೆ ಒಂದು ಬಿರುಕೂ ಬಿಟ್ಟಿರಲಿಲ್ಲವಂತೆ. ಆದರೂ ಅತ್ತೆ ಅಂದಿನಿಂದ ಒಂದು ದಿನವೂ ಸೂರಿನ ಕೆಳಗೆ ಮಲಗಿದವರಲ್ಲ. ಹಗಲೆಲ್ಲ ಮನೆಯೊಳಗೆ ರೊಟ್ಟಿ ಬಡಿಯುತ್ತ, ನನ್ನನ್ನು ಗದರುತ್ತ ಓಡಾಡುವ ಹೆಂಗಸು ಹಾಸಿಗೆ ಎಂದ ಕೂಡಲೇ ಶೆಡ್ಡಿನ ದಾರಿ ಹಿಡಿಯುತ್ತಿದ್ದರು.

ಶೆಡ್ಡಿನಲ್ಲಿ ಮಂಚದ ತಲೆಯ ಹತ್ತಿರ ಒಂದು ಬಂಡೆ. ಬಂಡೆಯ ಮೇಲೆ ಹಿತ್ತಾಳೆಯ ತಂಬಿಗೆಗಳು, ಒಂದರ ಮೇಲೊಂದು. ನೆಲ ಎಷ್ಟು ಸಣ್ಣಗೆ ಅಲುಗಿದರೂ ತಂಬಿಗೆಗಳು ಕಿಣಿಕಿಣಿ ಎನ್ನುತ್ತಿದ್ದವು. ಭೂಕಂಪದ ನಂತರ ಆ ಭಾಗದ ಎಷ್ಟೋ ಮನೆಗಳಲ್ಲಿ ಹೀಗೆ ಪಾತ್ರೆ ಪೇರಿಸಿಡುತ್ತಿದ್ದರಂತೆ. ವರ್ಷ ಕಳೆದಂತೆ ಎಲ್ಲರೂ ಬಿಟ್ಟರು, ಅತ್ತೆ ಬಿಡಲಿಲ್ಲ. ಹೆದ್ದಾರಿಯ ಊರಿನಲ್ಲಿ ತಂಬಿಗೆಗೆ ಬಿಡುವೆಲ್ಲಿ? ಲಾರಿ ಹೋದಾಗಲೆಲ್ಲ ಕಿಣಿಕಿಣಿ. ಪ್ರತಿ ಕಿಣಿಕಿಣಿಗೂ ಅತ್ತೆ ಎದ್ದು ಕೂತು, ಕಾಲು ನೆಲಕ್ಕೆ ಊರಿ, ಅಂಗಳದ ನಡುವೆ ಬಂದು ನಿಂತು, ಸದ್ದು ದೂರಾದ ಮೇಲೆ ಮತ್ತೆ ಹೋಗಿ ಅಡ್ಡಾಗುತ್ತಿದ್ದರು. ಅದಕ್ಕೆ ನಿದ್ದೆ ಎನ್ನಬೇಕೋ ಕಾವಲು ಎನ್ನಬೇಕೋ ನನಗೆ ತಿಳಿಯುತ್ತಿರಲಿಲ್ಲ.

ಆ ವರ್ಷ ದೀಪಾವಳಿಯ ಹೊತ್ತಿಗೆ ಅವರಿಗೆ ದಮ್ಮು ಹತ್ತಿತು. ಉಮರ್ಗಾದ ಡಾಕ್ಟರರು ಎದೆಗೆ ಕೊಳವೆಯಿಟ್ಟು ನೋಡಿ, ಈ ಚಳಿಗಾಲವನ್ನೂ ತಗಡಿನ ಕೆಳಗೆ ಕಳೆದರೆ ಮುಂದಿನ ಚಳಿಗಾಲದ ಮಾತು ನನ್ನನ್ನು ಕೇಳಬೇಡಿ ಎಂದು ಮರಾಠಿಯಲ್ಲಿ ನೇರವಾಗಿ ಹೇಳಿದರು. ಮನೆಗೆ ಬಂದ ಮೇಲೆ ನನ್ನ ಗಂಡ ಬೇಡಿಕೊಂಡರು, ಸಿಟ್ಟು ಮಾಡಿದರು, ಊಟ ಬಿಡುತ್ತೇನೆಂದು ಹೆದರಿಸಿದರು. ಅತ್ತೆಯದು ಒಂದೇ ಮಾತು.

"ಒಳಗ ಮಕ್ಕೊಂಡ್ರ ಯಾವುದು ಲಾರಿ, ಯಾವುದು ಭೂಮಿ ಹ್ಯಾಂಗ ತಿಳೀಬೇಕಪಾ? ಅದು ಹೇಳು, ಈಗ ಬಂದು ಮಕ್ಕೋತೀನಿ."

ನನ್ನ ಗಂಡ ಎದ್ದು ಅಂಗಡಿಗೆ ಹೋದರು. ಮೂಲೆಯಲ್ಲಿ ನಿಂತಿದ್ದ ನನಗೆ ಮಾತ್ರ, ಇದು ಅಳೆಯಬಹುದಾದ ಪ್ರಶ್ನೆಯಲ್ಲವೇ ಅನ್ನಿಸಿತು. ಹೊಸ ಸೊಸೆ, ಹೊಸ ವಿದ್ಯೆ. ಉತ್ಸಾಹಕ್ಕೆ ಕೇಳಬೇಕೇ!

ನಾನು ಉದಗೀರದ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತ, ಅಲ್ಲಿಯೇ ಎಂ.ಟೆಕ್ ಪ್ರಾಜೆಕ್ಟ್ ಮಾಡುತ್ತಿದ್ದೆ. ಸೋಮವಾರ ಹೋದರೆ ಶನಿವಾರ ಮಧ್ಯಾಹ್ನ ಊರು. ಕೆಂಪು ಬಸ್ಸಿನ ಕಿಟಕಿಯಾಚೆ ತೊಗರಿಯ ಹಳದಿ ಹೂ, ಹಾಲುಗಾಳಿನ ಜೋಳ, ಕುಸುಬೆಯ ಮುಳ್ಳು. ನಿಲಂಗಾದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ ಬಿಸಿಲಿಗೆ ಬೆನ್ನೊಡ್ಡಿ ಮುಂದಿನ ಬಸ್ಸಿಗೆ ಕಾಯುವಾಗ ನನ್ನ ತಲೆಯೊಳಗೆ ಪ್ರೋಗ್ರಾಮಿನ ಸಾಲುಗಳು ತೇಲುತ್ತಿದ್ದವು. ಎಷ್ಟೋ ಸಲ ಬಸ್ಸು ಬಂದು ಹೋದದ್ದೂ ಗೊತ್ತಾಗಿಲ್ಲ.

ಕಾಲೇಜಿನಿಂದ ಮುಷ್ಟಿಗಾತ್ರದ ಎರಡು ಡಬ್ಬಿ ಕೇಳಿ ತಂದೆ. ನೆಲದ ನಡುಕವನ್ನು ಹಿಡಿದು ತಂತಿಯ ಮೂಲಕ ಕಂಪ್ಯೂಟರಿಗೆ ಕಳಿಸುವ ಡಬ್ಬಿಗಳು. ಒಂದನ್ನು ರಸ್ತೆಯ ಬದಿಗೆ ಹೂತೆ, ಇನ್ನೊಂದನ್ನು ಹಿತ್ತಲಿನ ತುದಿಗೆ. ಲಾರಿಯಾದರೆ ರಸ್ತೆಯ ಡಬ್ಬಿಗೆ ನಡುಕ ಜೋರು, ಹಿತ್ತಲಿನದಕ್ಕೆ ಸಣ್ಣದು. ಭೂಮಿಯೇ ನಡುಗಿದರೆ ಎರಡಕ್ಕೂ ಒಂದೇ ಸಮ. ಭೂಕಂಪ ಬರುತ್ತದೆಂದು ಮುಂಚಿತವಾಗಿ ಹೇಳುವ ಯಂತ್ರವಲ್ಲ ಅದು. ಅಂಥದ್ದು ಯಾರ ಹತ್ತಿರವೂ ಇಲ್ಲ ಎಂದು ಅತ್ತೆಗೆ ಮೊದಲೇ ಬಿಡಿಸಿ ಹೇಳಿದೆ. ಈ ಸದ್ದು ಲಾರಿಯದು ಎಂದಾದರೆ ಹಸಿರು ದೀಪ ಹತ್ತುತ್ತದೆ, ಅಲ್ಲವಾದರೆ ಗಂಟೆ ಬಾರಿಸುತ್ತದೆ, ಅಷ್ಟೇ.

"ಅಷ್ಟಾದ್ರ ಸಾಕು ಬಿಡು," ಎಂದರು ಅತ್ತೆ. "ಆದ್ರ ನನ್ನ ಕಾಲು ನೆಲಕ್ಕ ಹತ್ತೂಕಿಂತ ಮೊದಲ ಹೇಳಬೇಕು ನೋಡು. ಎದ್ದು ನಿಂತ ಮ್ಯಾಲ ಹೇಳಿದ್ರ ಏನ್ ಉಪಯೋಗ?"

ನನ್ನ ಪ್ರೋಗ್ರಾಮಿಗೆ ಅಳತೆಗೋಲು ಅಲ್ಲಿಗೆ ಗೊತ್ತಾಯಿತು. ಮಿಲಿಸೆಕೆಂಡಿನ ಲೆಕ್ಕ ಉದಗೀರದಲ್ಲಿ. ತುರೋರಿಯಲ್ಲಿ ಅತ್ತೆಯ ಕಾಲು.

ಮೊದಲ ಪ್ರೋಗ್ರಾಮನ್ನು ನಾನು ಬಹಳ ಅಂದವಾಗಿ ಬರೆದಿದ್ದೆ. ಪ್ರತಿ ಕೆಲಸಕ್ಕೂ ಒಂದೊಂದು ಆಬ್ಜೆಕ್ಟ್, ಒಬ್ಬೊಬ್ಬ ಆಳಿದ್ದ ಹಾಗೆ: ನಡುಕವನ್ನು ಸೋಸುವುದು ಒಂದು, ಅಳೆಯುವುದು ಒಂದು, ಹೋಲಿಸುವುದು ಒಂದು, ತೀರ್ಪು ಕೊಡುವುದು ಒಂದು. ನೋಡಲು ಚೆಂದ, ತಿದ್ದಲು ಸುಲಭ. ಆದರೆ ಡಬ್ಬಿಯಿಂದ ಬಂದ ಪ್ರತಿಯೊಂದು ಅಂಕಿಯೂ ಈ ಸಾಲಿನಲ್ಲಿ ಕೈಯಿಂದ ಕೈಗೆ ಹೋಗಬೇಕು. ಪ್ರತಿ ಸಲವೂ ಪ್ರೋಗ್ರಾಮು, ನೀನು ಯಾವ ಜಾತಿಯ ಆಬ್ಜೆಕ್ಟ್, ನಿನ್ನ ರೀತಿ ಯಾವುದು ಎಂದು ಕೇಳಿಯೇ ಮುಂದೆ ಹೋಗಬೇಕು. ನಡುನಡುವೆ ಯಂತ್ರ ನಿಂತು, ಬಳಸಿ ಬಿಟ್ಟ ಆಬ್ಜೆಕ್ಟುಗಳ ಕಸ ಬೇರೆ ಗುಡಿಸುತ್ತಿತ್ತು. ಅಂಗಡಿಯ ಹಳೆಯ ಕಂಪ್ಯೂಟರಿಗೆ ಅದು ತಾಳುವ ಭಾರವಲ್ಲ. ಅಂಕಿಗಳು ಬರುತ್ತಲೇ ಇದ್ದವು, ಕೆಲಸ ಹಿಂದೆ ಬೀಳುತ್ತಲೇ ಇತ್ತು.

ಒಂದು ಶನಿವಾರ ಮಧ್ಯಾಹ್ನ ಅತ್ತೆಯನ್ನು ಶೆಡ್ಡಿನಲ್ಲೇ ಮಲಗಿಸಿ ಪರೀಕ್ಷೆ ಮಾಡಿದೆ. ಲಾರಿ ಬಂತು. ತಂಬಿಗೆ ಕಿಣಿಕಿಣಿ ಎಂದಿತು. ಅತ್ತೆ ಎದ್ದರು, ಚಪ್ಪಲಿ ಮೆಟ್ಟಿದರು, ಅಂಗಳಕ್ಕೆ ಬಂದರು, ಸೆರಗು ಸರಿಮಾಡಿಕೊಂಡು ನನ್ನ ಕಡೆಗೆ ನೋಡಿದರು. ಆಗ ದೀಪ ಹತ್ತಿತು.

"ಲಾರಿ ಉಮರ್ಗಾ ಮುಟ್ಟಿದ ಮ್ಯಾಲ ನಿನ್ನ ದೀಪ ಹತ್ತತದಲ್ಲವಾ ಸುವರ್ಣಾ! ನನ್ನ ತಂಬಿಗಿನೇ ಜಲ್ದಿ ಅದ."

ಅಂಗಡಿಯಿಂದ ನೋಡಲು ಬಂದಿದ್ದ ಡ್ರೈವರುಗಳೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಅತ್ತೆ ಶೆಡ್ಡಿಗೆ ತಿರುಗಿ ಹೋಗುವಾಗ ಉಸಿರಿನ ಜೊತೆ ಸಿಳ್ಳೆಯಂಥ ಸದ್ದು ಕೇಳಿ ನಗು ಅಲ್ಲೇ ನಿಂತಿತು.

ಉದಗೀರದಲ್ಲಿ ನನಗೆ ಮಾರ್ಗದರ್ಶಕರಾಗಿದ್ದ ಸರ್ ಮರಾಠಿಯವರು, ಮಿತಭಾಷಿ. ಎಲ್ಲವನ್ನೂ ಕೇಳಿ, ಪ್ರೋಗ್ರಾಮನ್ನು ಎರಡು ಹಂತ ಮಾಡು ಎಂದರು. ಮೊದಲ ಹಂತದ ಪ್ರೋಗ್ರಾಮಿನ ಕೆಲಸವೇ ಇನ್ನೊಂದು ಪ್ರೋಗ್ರಾಮನ್ನು ಬರೆಯುವುದು. ಎಷ್ಟು ಡಬ್ಬಿ, ಯಾವ ಸೋಸುವಿಕೆ, ಯಾವ ಮಿತಿ ಎಂಬುದೆಲ್ಲ ಮೊದಲೇ ಗೊತ್ತಿರುವ ಸಂಗತಿ ತಾನೆ? ಅದನ್ನೆಲ್ಲ ಮೊದಲ ಹಂತದಲ್ಲೇ ಮುಗಿಸಿ, ನಡುವಿನ ಕೇಳಾಟಗಳನ್ನು ತೆಗೆದುಹಾಕಿ, ಆ ಮನೆಗೆ, ಆ ಡಬ್ಬಿಗಳಿಗೆ ಮಾತ್ರ ಒಪ್ಪುವ ನೇರವಾದ ಸಣ್ಣ ಪ್ರೋಗ್ರಾಮೊಂದನ್ನು ಯಂತ್ರವೇ ಬರೆಯಬೇಕು. ಎರಡನೆಯ ಹಂತದಲ್ಲಿ ಓಡುವುದು ಅದೊಂದೇ. ನಾನು ಬರೆಯುವ ಆಬ್ಜೆಕ್ಟುಗಳ ಅಂದ ನನಗೆ ಉಳಿಯುತ್ತದೆ, ಓಡುವಾಗಿನ ಭಾರ ಇಳಿಯುತ್ತದೆ.

ಇದನ್ನು ಅತ್ತೆಗೆ ಹೇಗೆ ಹೇಳುವುದು? ಎಳ್ಳ ಅಮಾವಾಸ್ಯೆ ಹತ್ತಿರ ಬಂದಿತ್ತು. ಅಂದು ನಮ್ಮ ಕಡೆ ಊರಿಗೆ ಊರೇ ಹೊಲಕ್ಕೆ ಹೋಗಿ ಉಣ್ಣುತ್ತದೆ. ಹಿಂದಿನ ದಿನವೇ ಮನೆಯಲ್ಲಿ ಕಾಳು ಸುಲಿದು, ಸೊಪ್ಪು ಸೋಸಿ, ಅಂಬಲಿ ಹುಳಿಯಲಿಟ್ಟು, ಸಜ್ಜೆಯ ಉಂಡೆ ಕಟ್ಟಿ ಮುಗಿಸಿರುತ್ತಾರೆ. ಹೊಲದಲ್ಲಿ ಬಡಿಸುವುದೊಂದೇ ಉಳಿದಿರುತ್ತದೆ. ಹಾಗೆಯೇ ಇದು ಎಂದೆ.

ಅತ್ತೆ ಅವರೆಕಾಯಿ ಸುಲಿಯುತ್ತಿದ್ದವರು ಕೈ ನಿಲ್ಲಿಸಿದರು. "ಮತ್ತ ದಾಳಿಂಬ ಊರಿನ ಬೀಗರು ಹೇಳ್ದೆ ಕೇಳ್ದೆ ಗಾಡಿ ತುಂಬ ಬಂದ್ರ?"

"ಆಗ ಮತ್ತ ಮೊದಲಿಂದ ಮಾಡಬೇಕಾಗ್ತದರಿ ಅತ್ತಿ. ಮನಿ ಬದಲಾದ್ರ, ಡಬ್ಬಿ ಬದಲಾದ್ರ ಹೊಸಾ ಪ್ರೋಗ್ರಾಮ್ ಬರೀಬೇಕು."

"ಹಾಂಗಂದ್ರ ನಿನ್ನ ಮಶೀನಿಗೂ ಬೀಗರ ಕಾಟ ತಪ್ಪಿದ್ದಲ್ಲ," ಎಂದು ಮತ್ತೆ ಸುಲಿಯತೊಡಗಿದರು.

ಆ ವಾರ ಉದಗೀರದ ಲ್ಯಾಬಿನಲ್ಲಿ ಎರಡು ಹಂತದ ಪ್ರೋಗ್ರಾಮು ಸಿದ್ಧವಾಯಿತು. ಅಲ್ಲಿ ದೀಪವೂ ಇರಲಿಲ್ಲ, ಗಂಟೆಯೂ ಇರಲಿಲ್ಲ. ತೀರ್ಪನ್ನು ಯಾರಿಗೂ ಒಪ್ಪಿಸದೆ, ಮುದ್ರಿಸಿಟ್ಟುಕೊಂಡಿದ್ದ ಲಾರಿಗಳ ನಡುಕವನ್ನು ಅದಕ್ಕೆ ಉಣಿಸಿ, ಶುರುವಿಗೂ ಕೊನೆಗೂ ಗಡಿಯಾರ ನೋಡಿದೆ. ಕಣ್ಣನ್ನೇ ನಂಬಲಾಗಲಿಲ್ಲ. ಗಡಿಯಾರ ಹೆಚ್ಚುಕಡಿಮೆ ಅಲುಗಿಯೇ ಇರಲಿಲ್ಲ! ಸಂಭ್ರಮ ತಡೆಯಲಾರದೆ ಕಾಲೇಜಿನ ಎದುರಿನ ಬೂತಿನಿಂದ ಅಂಗಡಿಗೆ ಫೋನು ಹಚ್ಚಿ, ಅತ್ತಿಗೆ ಹೇಳ್ರಿ, ಇನ್ನು ದೀಪ ತಂಬಿಗೆಗಿಂತ ಜಲ್ದಿ ಎಂದು ಗಂಡನಿಗೆ ಹೇಳಿದೆ.

ಶನಿವಾರ ಬಂದು ನೋಡಿದರೆ ಅತ್ತೆಯ ಮಂಚ ಒಳಗಿನ ಕೋಣೆಯಲ್ಲಿತ್ತು. ಹತ್ತು ವರ್ಷದ ಮೇಲೆ. ಹೊಸ ದುಪ್ಪಟಿ ಹಾಸಿ, ದಿಂಬಿನ ಪಕ್ಕ ವಿಭೂತಿಯ ಗಟ್ಟಿ ಇಟ್ಟುಕೊಂಡು, ದೀಪ ಕಾಣುವ ಹಾಗೆ ಗೋಡೆಯ ಕಡೆ ಮುಖ ಮಾಡಿ ಅವರು ಕೂತಿದ್ದರು. ನನ್ನ ಮಾತನ್ನು ಅವರು ಅಷ್ಟು ನಂಬಿದ್ದು ನೋಡಿ ಎದೆ ತುಂಬಿ ಬಂತು, ಸ್ವಲ್ಪ ಹೆದರಿಕೆಯೂ ಆಯಿತು.

ಪ್ರೋಗ್ರಾಮು ಹಚ್ಚಿದೆ. ಅತ್ತೆ ಅಡ್ಡಾದರು. ಸಿಮೆಂಟು ಹೊತ್ತ ಲಾರಿಯೊಂದು ಬಂತು. ನೆಲ ಗುಡುಗಿತು, ಕಿಟಕಿಯ ಗಾಜು ನಡುಗಿತು. ದೀಪ ಹತ್ತಲಿಲ್ಲ. ಅತ್ತೆಯ ಕಾಲು ನೆಲ ಮುಟ್ಟಿತು. ಬಾಗಿಲು ದಾಟಿತು. ಆಮೇಲೂ ಹತ್ತಲಿಲ್ಲ. ಅತ್ತೆ ಅಂಗಳದ ನಡುವೆ ನಿಂತು ಉಸಿರು ಸಿಗದೆ ಎದೆ ಹಿಡಿದುಕೊಂಡಾಗ ಬೆಳಗಿತು, ಹಸಿರಾಗಿ.

ಅತ್ತೆ ಮಗನಿಗೆ ಮಂಚದ ಒಂದು ತುದಿ ಹಿಡಿಯಲು ಹೇಳಿ ಇನ್ನೊಂದು ತುದಿ ತಾವೇ ಹಿಡಿದು ಶೆಡ್ಡಿಗೆ ಸಾಗಿಸಿದರು. ಒಳಗೆ ಹಿತ್ತಾಳೆಯ ತಂಬಿಗೆಗಳು ಮತ್ತೆ ಒಂದರ ಮೇಲೊಂದು ಕೂರುವ ಸದ್ದು ನನಗೆ ಕೇಳಿಸಿತು.

ಸೋಮವಾರ ಸರ್ ನನ್ನ ಅಳತೆಯನ್ನೆಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದರು: "ಉತ್ತರ ಕೋಣ್ ಐಕತಂಯ?" ಉತ್ತರವನ್ನು ಯಾರು ಕೇಳಿಸಿಕೊಳ್ಳುತ್ತಿದ್ದಾರೆ? ಲ್ಯಾಬಿನಲ್ಲಿ ಯಾರೂ ಇಲ್ಲ ಎಂದೆ. ಹಾಗಾದರೆ ಯಂತ್ರ ಕೆಲಸವನ್ನೇ ಮಾಡಿಲ್ಲ ಎಂದರು. ನಾವು ಬರೆದದ್ದನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಬಲು ಜಾಣ. ಈ ಲೆಕ್ಕದ ಉತ್ತರ ಯಾರಿಗೂ ಬೇಕಾಗಿಲ್ಲ ಎಂದು ಗೊತ್ತಾದರೆ ಲೆಕ್ಕವನ್ನೇ ಕಿತ್ತುಹಾಕಿಬಿಡುತ್ತದೆ. ನಾನು ಅಳೆದು ಹಿಗ್ಗಿದ್ದು ಬರಿದೇ ತಿರುಗಿದ ಗಾಣವನ್ನು. ಇನ್ನೊಂದು ಎಡವಟ್ಟೂ ಬಯಲಾಯಿತು: ಹೊಸ ಪ್ರೋಗ್ರಾಮನ್ನು ಒಮ್ಮೆ ಬರೆಸಿಟ್ಟುಕೊಳ್ಳುವ ಬದಲು, ನಡುಕ ಬಂದಾಗಲೆಲ್ಲ ಮತ್ತೆ ಮತ್ತೆ ಬರೆಸುತ್ತಿದ್ದೆ. ಹೊಲಕ್ಕೆ ಬಂದ ಒಬ್ಬೊಬ್ಬರಿಗೂ ಕಾಳು ಸುಲಿಯುವುದರಿಂದ ಶುರುಮಾಡಿದ ಹಾಗೆ.

ತಿದ್ದುವ ಮೊದಲೇ ಎಳ್ಳ ಅಮಾವಾಸ್ಯೆ ಬಂತು. ದಾಳಿಂಬದ ದಾರಿಯಲ್ಲಿ ನಮ್ಮ ಹೊಲ. ಜೋಳದ ದಂಟಿನ ಕೊಂಪೆ ಕಟ್ಟಿ, ಪೂಜೆ ಮುಗಿಸಿ, ಕಾಳು ಸೊಪ್ಪಿನ ಭಜ್ಜಿ, ಅಂಬಲಿ ಹೊಟ್ಟೆ ಬಿರಿಯ ಉಂಡು, ಗಂಡಸರು ಬೇವಿನ ನೆರಳಿಗೆ ಹೋದರು. ಬಿಸಿಲು ಎಳೆಯದಾಗಿತ್ತು. ಕಪ್ಪು ನೆಲ ಬೆಚ್ಚಗಿತ್ತು. ನಾನೂ ಅತ್ತೆಯೂ ಕೊಂಪೆಯ ಪಕ್ಕ ಕೂತೆವು. ಹೆದ್ದಾರಿ ಬಹಳ ದೂರ, ಅಲ್ಲಿಗೆ ಯಾವ ಸದ್ದೂ ಬರುತ್ತಿರಲಿಲ್ಲ. ಯಂತ್ರ ಯಾಕೆ ನನಗೆ ಸುಳ್ಳು ಹೇಳಿತು ಎಂಬುದನ್ನು ಅವರಿಗೆ ಹೇಳಿದೆ.

"ಕೇಳವ್ರು ಇಲ್ಲಂದ್ರ ಕೆಲಸಾನೇ ಬಿಟ್ಟುಬಿಡ್ತದ?"

"ಹೌದರಿ ಅತ್ತಿ. ಉತ್ತರ ಯಾರಿಗೂ ಬ್ಯಾಡಂದ್ರ ಒಳಗಿಂದು ಎಲ್ಲಾ ತೆಗೆದು ಒಗೀತದ."

ಅತ್ತೆ ಜೋಳದ ಗರಿಯೊಂದನ್ನು ಸೀಳತೊಡಗಿದರು. "ನಾ ಒಗದಿಲ್ಲ ನೋಡು," ಎಂದರು. "ಹತ್ತು ವರ್ಷ ಆಯ್ತು, ಯಾರೂ ಕೇಳಿಲ್ಲ. ಎಷ್ಟು ಮಂದಿ ಹೋದ್ರು ಅಂತ ಎಲ್ಲಾರೂ ಕೇಳ್ಯಾರ. ನಿನಗ ಏನ್ ಸಪ್ಪಳ ಬಂತು ಅಂತ ಯಾರೂ ಕೇಳಿಲ್ಲ."

"ಏನ್ ಸಪ್ಪಳ ಬಂತರಿ ಅತ್ತಿ?"

"ಗಣಪತಿ ಕಳಿಸಿದ ರಾತ್ರಿ ನಾ ಕಿಲ್ಲಾರಿ ಕಡಿ ತವರಮನ್ಯಾಗ ಇದ್ದೆ. ನನ್ನ ತಂಗಿ ಮಹಾದೇವಿ, ಒಳಗ ಬಾ ಅಕ್ಕಾ ಅಂದಳು. ಸೆಕಿ ಅದ ಅಂತ ನಾ ಅಂಗಳದಾಗ ಹಾಸ್ಕೊಂಡೆ. ಬೆಳಗಿನ ಜಾವ ಗುಡುಗುಡು ಅಂತ ಬಂತು. ತುರೋರಿ ಸೊಸಿ ನಾ. ಲಾರಿ ಸಪ್ಪಳದಾಗ ತೊಟ್ಟಲಾ ತೂಗೀನಿ. ಲಾರಿ ಅಂದು ಮಗ್ಗಲಾ ಬದಲಿಸಿ ಹೊತ್ಕೊಂಡೆ." ಗರಿ ಅವರ ಕೈಯಲ್ಲಿ ಎರಡಾಯಿತು. "ಆ ಊರಿಗಿ ದೊಡ್ಡ ರಸ್ತಾನೇ ಇಲ್ಲ ಸುವರ್ಣಾ. ಅಲ್ಲಿ ಲಾರಿ ಎಲ್ಲಿಂದ ಬರಬೇಕು?"

ಅಷ್ಟರಾಗ ಯಾರಿಗೂ ಹೊರಗ ಬರಾಕ ಆಗ್ತಿರಲಿಲ್ಲರಿ ಅತ್ತಿ, ನೀವು ಕೂಗಿದ್ರೂ ಆಗ್ತಿರಲಿಲ್ಲ ಎಂದೆ. ಅದು ನಿಜವೇ ಆಗಿತ್ತು.

"ಗೊತ್ತದ," ಎಂದರು ಅತ್ತೆ. "ಗೊತ್ತಿದ್ರ ಏನಾಯ್ತು? ಮತ್ತೊಮ್ಮಿ ತಪ್ಪಬಾರದಲ್ಲ."

ಅವರ ಕೈ ಹಿಡಿದುಕೊಂಡೆ. ಮದುವೆಯಾದ ಮೇಲೆ ಮೊದಲ ಸಲ. ಒರಟು ಕೈ, ಅವರೆಕಾಯಿಯ ಸೊಗಡು ಇನ್ನೂ ಇತ್ತು. ನಾವಿಬ್ಬರೂ ಅತ್ತೆವು. ಬೇವಿನ ನೆರಳಿನಿಂದ ನನ್ನ ಗಂಡ, ಯಾಕ ಏನಾಯ್ತು ಎಂದು ಕೂಗಿದಾಗ ಅತ್ತೆ, "ಏನಿಲ್ಲ, ಭಜ್ಜ್ಯಾಗ ಖಾರ ಹೆಚ್ಚಾಗ್ಯದ" ಎಂದರು.

ಮತ್ತೆ ಉದಗೀರಕ್ಕೆ ಹೋದೆ. ಈ ಸಲ ಲ್ಯಾಬಿನ ಮೇಜಿನ ಮೇಲೆ ಒಂದು ದೀಪ ಸಿಕ್ಕಿಸಿ, ದೀಪ ಹತ್ತುವವರೆಗಿನ ಹೊತ್ತನ್ನು ಮಾತ್ರ ಅಳೆದೆ. ಹೊಸ ಪ್ರೋಗ್ರಾಮನ್ನು ದಿನಕ್ಕೊಂದು ಸಲ, ಸಂಜೆ ದೇವರಿಗೆ ದೀಪ ಹಚ್ಚುವ ಹೊತ್ತಿಗೆ ಬರೆಸಿಡುವ ಹಾಗೆ ಮಾಡಿದೆ. ಇಂಥ ಪ್ರೋಗ್ರಾಮು ಮೊದಮೊದಲು ಮಂದಗತಿಯಲ್ಲೇ ಓಡುತ್ತದೆ, ಓಡಿ ಓಡಿ ಮೈ ಬಿಸಿಯಾದ ಮೇಲೆ ಅದರ ನಿಜವಾದ ವೇಗ. ಅದಕ್ಕೆಂದು ಹಳೆಯ ಲಾರಿಗಳ ನಡುಕವನ್ನು ಅದಕ್ಕೆ ಮೊದಲೇ ಉಣಿಸಿ ಇಡುವ ವ್ಯವಸ್ಥೆಯನ್ನೂ ಮಾಡಿದೆ. ಗಡಿಯಾರದ ಅಂಕಿ ಹಿಂದಿನಷ್ಟು ಬೆರಗಿನದಾಗಿರಲಿಲ್ಲ. ಆದರೆ ಖರೇ ಇತ್ತು. ಈ ಸಲ ಫೋನು ಮಾಡಲಿಲ್ಲ.

ಸಂಕ್ರಾಂತಿಯ ನಂತರದ ಒಂದು ಮಧ್ಯಾಹ್ನ. ಅತ್ತೆಯನ್ನು ಒಳಗೆ ಬನ್ನಿ ಎನ್ನಲು ನನಗೆ ಧೈರ್ಯವಿರಲಿಲ್ಲ, ಅವರಾಗಿಯೇ ಬಂದರು. ಒಂದು ಕೈಯಲ್ಲಿ ದಿಂಬು, ಇನ್ನೊಂದರಲ್ಲಿ ತಂಬಿಗೆಗಳು. ತಂಬಿಗೆಗಳನ್ನು, ಅಂಗಡಿಯಿಂದ ಒಳಗೆ ತಂದಿಟ್ಟಿದ್ದ ಕಂಪ್ಯೂಟರಿನ ಪಕ್ಕದಲ್ಲೇ ಪೇರಿಸಿ, "ಇವೂ ಇರಲಿ, ನಿನ್ನ ಮಶೀನಿಗಿ ಜೋಡಿ" ಎಂದು ಅಡ್ಡಾದರು. ನಾನು ಕೆಳಗೆ ಚಾಪೆಯ ಮೇಲೆ ಕೂತೆ. ಬಿಸಿಲಕೋಲಿನಲ್ಲಿ ಧೂಳು ತೇಲುತ್ತಿತ್ತು. ಹೊರಗೆ ಯಾರೋ ಕಡಲೆ ಸುಡುತ್ತಿದ್ದರು.

ದೂರದಿಂದ ಲಾರಿ ಬರುವ ಸದ್ದು ಕೇಳಿಸಿತು. ಅತ್ತೆಯ ಕಾಲ್ಬೆರಳುಗಳು ಬಿಗಿಯಾದವು. ತಂಬಿಗೆ ಕಿಣಿ ಎನ್ನುವುದಕ್ಕೂ ಗೋಡೆ ಹಸಿರಾಗುವುದಕ್ಕೂ ಸರಿಹೋಯಿತು. ಮಂಚದ ಅಂಚಿಗೆ ಬಂದಿದ್ದ ಕಾಲು ಅಲ್ಲೇ ನಿಂತಿತು. ಆದರೆ ಅತ್ತೆ ದೀಪ ನೋಡಲಿಲ್ಲ. ಕಣ್ಣು ಮುಚ್ಚಿಕೊಂಡೇ ಇದ್ದರು.

"ಸುವರ್ಣಾ, ಲಾರಿನಾ?"

"ಹೂಂ ಅತ್ತಿ, ಲಾರಿ."

ಕಾಲು ದುಪ್ಪಟಿಯ ಒಳಗೆ ಹೋಯಿತು.

ಆ ಚಳಿಗಾಲದ ಉಳಿದ ದಿನಗಳನ್ನು ಅವರು ಒಳಗೇ ಕಳೆದರು, ಮುಂದಿನವನ್ನೂ. ಪ್ರೋಗ್ರಾಮು ಚೆನ್ನಾಗಿಯೇ ಓಡಿತು, ನನಗೆ ಡಿಗ್ರಿಯೂ ಬಂತು. ಆದರೆ ನಮ್ಮ ಕಡೆಯ ಲೋಡ್‌ಶೆಡ್ಡಿಂಗ್ ಬಲ್ಲವರಿಗೆ ಗೊತ್ತು, ಕರೆಂಟು ಇದ್ದಷ್ಟು ಹೊತ್ತೇ ಯಾವ ಯಂತ್ರದ ಶೌರ್ಯವೂ. ಕರೆಂಟು ಹೋದಾಗ ಅತ್ತೆ ಕತ್ತಲಲ್ಲಿ, ಲಾರಿನಾ ಎಂದು ಕೇಳುತ್ತಿದ್ದರು. ಎಚ್ಚರವಿದ್ದವರು ಯಾರಾದರೂ, ನನ್ನ ಗಂಡನೋ ಮೈದುನನೋ ನಾನೋ, ಲಾರಿ ಎನ್ನುತ್ತಿದ್ದೆವು. ಆಮೇಲಾಮೇಲೆ ಕರೆಂಟು ಇದ್ದಾಗಲೂ ಅದೇ ರೂಢಿಯಾಯಿತು. ಕಂಪ್ಯೂಟರು ಕೆಟ್ಟು ಗುಜರಿಗೆ ಹೋದ ದಿನ ಮನೆಯಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೆ ಮಾತ್ರ ಒಂದಿಷ್ಟು ಬೇಜಾರಾಯಿತು.

ಈಗ ನಾವು ಉದಗೀರದಲ್ಲಿದ್ದೇವೆ. ತುರೋರಿಯ ಮನೆ ಮೈದುನ, ನೆಗೆಣ್ಣಿ, ಅವರ ಮಕ್ಕಳಿಂದ ತುಂಬಿದೆ. ಉದಗೀರದ ನಮ್ಮ ಓಣಿಗೆ ಲಾರಿಯೇ ಬರುವುದಿಲ್ಲ, ನನಗೆ ಆ ಸದ್ದಿನ ಅಭ್ಯಾಸ ತಪ್ಪಿಹೋಗಿದೆ. ಮೊನ್ನೆ ಬಂದವಳು ಉಂಡು, ಅತ್ತೆಯ ಮಂಚದ ಪಕ್ಕ ನೆಲದ ಮೇಲೆ ಅದೇ ಚಾಪೆ ಹಾಸಿಕೊಂಡು ಅಡ್ಡಾದೆ. ಅತ್ತೆ ಆಗಲೇ ಮಲಗಿದ್ದರು. ತಲೆಯೆಲ್ಲ ಬೆಳ್ಳಗಾಗಿದೆ, ಕಿವಿ ಮಾತ್ರ ಚುರುಕು. ಪ್ರಯಾಣದ ದಣಿವಿಗೆ ನನಗೆ ಯಾವಾಗ ನಿದ್ದೆ ಹತ್ತಿತೋ ತಿಳಿಯದು.

ಗುಡುಗುಡು ಎಂದಿತು. ನೆಲ ನಡುಗಿತು. ಎಲ್ಲಿದ್ದೇನೆ ಎಂಬುದೇ ಗೊತ್ತಾಗದೆ, ದಡಬಡಿಸಿ ಎದ್ದು ಕೂತೆ.

ಮಂಚದ ಮೇಲಿನಿಂದ ಒಂದು ಒರಟು ಕೈ ಇಳಿದು ಬಂದು ನನ್ನ ತಲೆಯ ಮೇಲೆ ಕೂತಿತು.

"ಲಾರಿ ಅದ," ಎಂದರು ಅತ್ತೆ. "ಮಕ್ಕೋ."